ಐದು ವರ್ಷದ ಮಂಡಲ ಪಂಚಾಯ್ತಿ: ನಂಬಿಕೆ ಬಂದದ್ದು ಹೇಗೆ, ಹೋದದ್ದು ಹೇಗೆ?

"ಯಾರು ಬಂದ್ರೂ ಅಷ್ಟೇ ಬಿಡ್ರೀ" ಅನ್ನುವ ಮಾತು ಕಿವಿಗೆ ಬೀಳದೆ ನಮ್ಮಲ್ಲಿ ಒಂದು ಬಸ್ ಪ್ರಯಾಣ ಮುಗಿಯುವುದಿಲ್ಲ. ಹೇಳುವವರ ವಯಸ್ಸು, ಜಾತಿ, ಪಕ್ಷ ಬೇರೆ ಬೇರೆ ಇರಬಹುದು, ಮಾತು ಮಾತ್ರ ಒಂದೇ. ತಮಾಷೆಯೆಂದರೆ ಹೀಗೆ ಹೇಳಿದವರೇ ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆಲ್ಲ ಶಾಲೆಯ ಮುಂದೆ ಸಾಲು ನಿಂತಿರುತ್ತಾರೆ! ಹಾಗಾದರೆ ನಮ್ಮ ಜನಕ್ಕೆ ಸರ್ಕಾರದ ಮೇಲೆ ನಂಬಿಕೆ ಇದೆಯೋ ಇಲ್ಲವೋ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. 1996ರ ಲೋಕಸಭಾ ಚುನಾವಣೆಯ ನಂತರ ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆ ದೇಶದಾದ್ಯಂತ ಒಂದು ಸಮೀಕ್ಷೆ ಮಾಡಿತ್ತು. ಯಾವ್ಯಾವ ಸಂಸ್ಥೆಯ ಮೇಲೆ ನಿಮಗೆ ಎಷ್ಟು ನಂಬಿಕೆ ಎಂದು ಕೇಳಿದಾಗ ಮೇಲಿನ ಸ್ಥಾನಗಳು ಚುನಾವಣಾ ಆಯೋಗಕ್ಕೂ ನ್ಯಾಯಾಲಯಕ್ಕೂ ಹೋದವು. ತಳದಲ್ಲಿ ರಾಜಕೀಯ ಪಕ್ಷಗಳು, ಅಧಿಕಾರಿಗಳು ಮತ್ತು ಪೊಲೀಸರು. ಅದು ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲ, ಹಾಗಾಗಿ ಆಯೋಗ ಮೇಲಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಗಮನ ಸೆಳೆದದ್ದು ನಡುವಿನ ಸಾಲು. ಕೇಂದ್ರ ಸರ್ಕಾರಕ್ಕಿಂತ ರಾಜ್ಯ ಸರ್ಕಾರದ ಮೇಲೆ, ರಾಜ್ಯ ಸರ್ಕಾರಕ್ಕಿಂತ ಸ್ಥಳೀಯ ಸರ್ಕಾರದ ಮೇಲೆ ಜನ ಸ್ವಲ್ಪ ಹೆಚ್ಚು ನಂಬಿಕೆ ಇಟ್ಟಿದ್ದರು. ಅಂದರೆ ಹತ್ತಿರ ಬಂದಷ್ಟೂ ನಂಬಿಕೆ ಹೆಚ್ಚು.

ಹಾಗಿದ್ದರೆ ಸರ್ಕಾರವನ್ನು ಜನರ ಹತ್ತಿರ ತಂದುಬಿಟ್ಟರೆ ನಂಬಿಕೆ ತಾನಾಗಿ ಬೆಳೆಯಬೇಕಲ್ಲವೇ? ಇದನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಿಲ್ಲ. ನಮ್ಮ ಕನ್ನಡ ನಾಡಿನಲ್ಲೇ ಈ ಪ್ರಯೋಗ ಒಂದಲ್ಲ, ಎರಡು ಮೂರು ಸಲ ನಡೆದಿದೆ. ಅದರ ಕಥೆಯೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡಿಕೊಂಡು ಬಂದು ಓದಿ :)

ದಸರೆಯ ಸಭೆ

ಮೊದಲು ಹಳೇ ಮೈಸೂರಿಗೆ ಹೋಗೋಣ. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಸಂಸ್ಥಾನ 1881ರ ಮಾರ್ಚ್‌ನಲ್ಲಿ ಮರಳಿ ಒಡೆಯರ ಕೈಗೆ ಬಂತು. ಗದ್ದುಗೆಯಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು, ದಿವಾನರಾಗಿ ರಂಗಾಚಾರ್ಲು. ಅದೇ ವರ್ಷ ಅಕ್ಟೋಬರಿನಲ್ಲಿ, ದಸರೆಯ ಸಮಯಕ್ಕೆ, ರಂಗಾಚಾರ್ಲು ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಕರೆಸಿ ಒಂದು ಸಭೆ ಮಾಡಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಮೊದಲ ಸಭೆಗೆ ಬಂದವರು 144 ಮಂದಿ.

ಆಗ ಭಾರತದಲ್ಲಿ ಕಾಂಗ್ರೆಸ್ ಇನ್ನೂ ಹುಟ್ಟಿರಲಿಲ್ಲ (ಅದು 1885). ರಾಜಪ್ರಭುತ್ವವೊಂದು ತಾನಾಗಿಯೇ ಪ್ರಜೆಗಳನ್ನು ಕರೆದು, ಕಳೆದ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಈ ಸಭೆಗೆ ಇದ್ದ ಅಧಿಕಾರವೇನು? ದಿವಾನರ ಭಾಷಣ ಕೇಳುವುದು, ತಮ್ಮ ಊರಿನ ಕುಂದುಕೊರತೆ ಹೇಳಿಕೊಳ್ಳುವುದು. ಅಷ್ಟೇ. ಬಂದವರು ಚುನಾಯಿತರೂ ಅಲ್ಲ. ಸೀಮಿತ ಮತದಾನದ ಚುನಾವಣೆ ಬಂದದ್ದು ಹತ್ತು ವರ್ಷಗಳ ನಂತರ, ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಅದೂ ಆಸ್ತಿ ಇದ್ದವರಿಗೆ ಮಾತ್ರ. 1907ರಲ್ಲಿ ನ್ಯಾಯ ವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ಬಂತು, ಹೊಸ ತೆರಿಗೆ ಹಾಕುವಾಗ ಅದರ ಅಭಿಪ್ರಾಯ ಕೇಳುವ ಪದ್ಧತಿ ಬಂತು. ಆದರೆ ಕೊನೆಯ ಮಾತು ಯಾವತ್ತೂ ಅರಮನೆಯದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ದೂರು ಹೇಳುವುದು ನಂಬಿಕೆ ಇಲ್ಲದ್ದರ ಲಕ್ಷಣ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ತಿರುಗು ಮುರುಗು. ಕೇಳುವವನಿದ್ದಾನೆ ಅನ್ನಿಸಿದರೆ ಮಾತ್ರ ಮನುಷ್ಯ ದೂರು ಹೇಳುತ್ತಾನೆ. ನಂಬಿಕೆ ಪೂರ್ತಿ ಹೋದವನು ಸುಮ್ಮನಿರುತ್ತಾನೆ. ದೂರದ ತಾಲ್ಲೂಕಿನ ರೈತನೊಬ್ಬ ಗಾಡಿ ಕಟ್ಟಿಕೊಂಡು ಮೈಸೂರಿಗೆ ಬಂದು ದಿವಾನರೆದುರು "ನಮ್ಮೂರ ಕೆರೆ ಒಡೆದು ಹೋಗಿದೆ ಸ್ವಾಮಿ" ಎಂದು ಹೇಳಬಹುದಾದ ಏರ್ಪಾಡು ಆ ಕಾಲಕ್ಕೆ ದೊಡ್ಡ ನಂಬಿಕೆಯನ್ನೇ ಹುಟ್ಟಿಸಿರಬೇಕು.

ಆದರೆ ಪ್ರತಿ ವರ್ಷ ಬರೀ ಹೇಳಿಕೊಂಡು ಬರುವುದೇ ಆದರೆ? "ದೇವರು ವರ ಕೊಟ್ಟರೂ ಪೂಜಾರಿ ಕೊಡ" ಅನ್ನುವ ಗಾದೆ ನೆನಪಾಗಲು ಶುರುವಾಗುತ್ತದೆ. ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಈ ಕಚೇರಿಗಳಲ್ಲಿ ಕೂತವರು ಯಾರು? ನಮ್ಮವರು ಯಾರಾದರೂ ಇದ್ದಾರೆಯೇ? 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಕೇಳಿದ್ದು ಇದನ್ನೇ. ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಈ ಸಮುದಾಯಗಳಿಗೆ ಸಿಗಬೇಕೆಂದು ಆ ಸಮಿತಿ ಹೇಳಿತು. ಸಂಸ್ಥೆ ಎಷ್ಟೇ ದಕ್ಷವಾಗಿರಲಿ, ಅದರೊಳಗೆ ತನ್ನಂಥವನೊಬ್ಬನೂ ಇಲ್ಲದಿದ್ದರೆ ಜನ ಅದನ್ನು ತಮ್ಮದೆಂದು ನಂಬುವುದಿಲ್ಲ. ಮೈಸೂರು ಇದನ್ನು ನೂರು ವರ್ಷದ ಹಿಂದೆಯೇ ಕಲಿತಿತ್ತು.

ಮಾತಿಗೆ ಜಾಗ ಕೊಟ್ಟು ಅಧಿಕಾರ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1938ರ ಏಪ್ರಿಲ್ ಸಾಕ್ಷಿ. ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡೇಟು. ಪ್ರಜಾಪ್ರತಿನಿಧಿ ಸಭೆ ಹುಟ್ಟಿ 57 ವರ್ಷವಾಗಿದ್ದರೂ ಜನ ಸಭೆಯ ಬಾಗಿಲು ಬಿಟ್ಟು ಬಯಲಿಗೆ ಬಂದಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ 1947ರ ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ" ನಡೆಸಬೇಕಾಯಿತು. ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಾದರಿ ಸಂಸ್ಥಾನ ಅನ್ನಿಸಿಕೊಂಡಿದ್ದ ಮೈಸೂರಿನಲ್ಲೇ ಹೀಗೆ!

ಡಿಸಿ ಸಾಹೇಬರ ಕಾಲ

ಸ್ವಾತಂತ್ರ್ಯದ ನಂತರ ಎಲ್ಲರಿಗೂ ಓಟು ಬಂತು, ವಿಧಾನಸಭೆ ಬಂತು. ಆದರೆ ಹಳ್ಳಿಯವನಿಗೆ ಸರ್ಕಾರ ಅಂದರೆ ಮೊದಲಿನಂತೆಯೇ ಶಾನುಭೋಗ, ಪಟೇಲ, ಅಮಲ್ದಾರ, ಬಿಡಿಓ, ಡಿಸಿ. 1959ರ ಕಾಯ್ದೆ ಗ್ರಾಮ ಪಂಚಾಯ್ತಿ ಮತ್ತು ತಾಲ್ಲೂಕು ಬೋರ್ಡುಗಳನ್ನು ಚುನಾಯಿತ ಸಂಸ್ಥೆಗಳನ್ನಾಗಿ ಮಾಡಿತು, ನಿಜ. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾ ಅಭಿವೃದ್ಧಿ ಪರಿಷತ್ತು ಅನ್ನುವ ಸಲಹಾ ಮಂಡಳಿ. ಅದಕ್ಕೆ ಡಿಸಿಯೇ ಅಧ್ಯಕ್ಷ. ಹಣ, ನೌಕರರು, ಇಲಾಖೆಗಳು ಎಲ್ಲವೂ ಬೆಂಗಳೂರಿನ ಕೈಯಲ್ಲಿ. ಪಂಚಾಯ್ತಿಯ ಪಾಲಿಗೆ ಉಳಿದದ್ದು ಬೀದಿ ದೀಪ, ಚರಂಡಿ ಮತ್ತು ಸಂತೆ ಸುಂಕ.

ಚುನಾವಣೆಗಳಾದರೂ ಹೊತ್ತಿಗೆ ಸರಿಯಾಗಿ ನಡೆದವೇ? 1960, 1968, 1978... ಅಂತರ ನೋಡಿದರೆ ಸಾಕು, ಹೆಚ್ಚು ಹೇಳಬೇಕಿಲ್ಲ. ಸರ್ಕಾರಕ್ಕೆ ಮನಸ್ಸು ಬಂದಾಗ ಚುನಾವಣೆ, ಮನಸ್ಸಿಲ್ಲದಿದ್ದರೆ ಮುಂದಕ್ಕೆ. ಇಂಥ ಸಂಸ್ಥೆಯ ಮೇಲೆ ಜನರಿಗೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಇದೆಯೋ ಇಲ್ಲವೋ ಅನ್ನುವಂತಿತ್ತು.

ನೀರ್ ಸಾಬ್

1983ರ ಜನವರಿಯಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ. ಬರಗಾಲದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ್ದರಿಂದ ಜನ ಅವರನ್ನು "ನೀರ್ ಸಾಬ್" ಎಂದರು. ನಮ್ಮಲ್ಲಿ ಮಂತ್ರಿಗಳಿಗೆ ಜನ ಇಡುವ ಅಡ್ಡಹೆಸರುಗಳು ಸಾಮಾನ್ಯವಾಗಿ ಬರೆಯುವಂಥವಲ್ಲ! ಇಷ್ಟು ಪ್ರೀತಿಯ ಹೆಸರು ಪಡೆದವರು ಕಡಿಮೆ.

ಆದರೆ ನಜೀರ್ ಸಾಬ್ ಅವರ ದೊಡ್ಡ ಕೆಲಸ ಕೈಪಂಪಲ್ಲ, 1983ರ ಕಾಯ್ದೆ. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯ್ತಿ, ನ್ಯಾಯ ಪಂಚಾಯ್ತಿ ಅಂತ ಉದ್ದನೆಯ ಹೆಸರು ಅದಕ್ಕೆ. 1978ರ ಅಶೋಕ್ ಮೆಹ್ತಾ ಸಮಿತಿಯ ವರದಿ ಇದಕ್ಕೆ ಹಿನ್ನೆಲೆ. ಪಶ್ಚಿಮ ಬಂಗಾಳ ಅದೇ ವರ್ಷ ಪಕ್ಷಗಳ ಆಧಾರದ ಪಂಚಾಯ್ತಿ ಚುನಾವಣೆ ನಡೆಸಿ ದಾರಿ ತೋರಿಸಿತ್ತು. ನಮ್ಮ ಮಸೂದೆ 1983ರಲ್ಲೇ ಸಿದ್ಧವಾದರೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಏನಿತ್ತು ಇದರಲ್ಲಿ? ಮುಖ್ಯವಾದವು ಇಷ್ಟು.

ಒಂದು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಉಪಾಧ್ಯಕ್ಷರಿಗೆ ಉಪಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ. ನೂರಾರು ವರ್ಷದಿಂದ ಜಿಲ್ಲೆಯ ದೊರೆಯಂತಿದ್ದ ಡಿಸಿಯನ್ನು ಒಂದೇ ಏಟಿಗೆ ಪಕ್ಕಕ್ಕೆ ಸರಿಸಿದ್ದು ಇದು.

ಎರಡು, ಪ್ರಾಥಮಿಕ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲವೂ ಹಣ ಮತ್ತು ನೌಕರರ ಸಮೇತ ಜಿಲ್ಲಾ ಪರಿಷತ್ತಿಗೆ.

ಮೂರು, ಸುಮಾರು ಹತ್ತು ಸಾವಿರ ಜನಸಂಖ್ಯೆಗೊಂದು ಮಂಡಲ ಪಂಚಾಯ್ತಿ, ಅದಕ್ಕೊಬ್ಬ ಪ್ರಧಾನ. ವರ್ಷಕ್ಕೆ ಎರಡು ಗ್ರಾಮಸಭೆ.

ನಾಲ್ಕು, ಮಹಿಳೆಯರಿಗೆ ಶೇ. 25 ಮೀಸಲು, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಕನಿಷ್ಠ ಶೇ. 18. ದೇಶ ಮಹಿಳಾ ಮೀಸಲಾತಿಯ ಬಗ್ಗೆ ಇನ್ನೂ ಯೋಚಿಸುತ್ತಿದ್ದಾಗ ಕರ್ನಾಟಕದಲ್ಲಿ ಸುಮಾರು 14,000 ಮಹಿಳೆಯರು ಪಂಚಾಯ್ತಿಯೊಳಗೆ ಬಂದು ಕೂತಿದ್ದರು.

ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲಗಳು, ಒಟ್ಟು ಸುಮಾರು 55,000 ಸದಸ್ಯರು. ಅಲ್ಲಿಯವರೆಗೆ ಇಡೀ ರಾಜ್ಯಕ್ಕೆ ನೀತಿ ಮಾಡುತ್ತಿದ್ದವರು 224 ಶಾಸಕರು. ಇದ್ದಕ್ಕಿದ್ದಂತೆ ಜನ ಕೈಹಿಡಿದು ಕೇಳಬಹುದಾದವರ ಸಂಖ್ಯೆ ಹೀಗೆ ಬೆಳೆಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಆ ಚುನಾವಣೆಯಲ್ಲಿ ಆಳುವ ಜನತಾ ಪಕ್ಷ ಎಲ್ಲಾ ಕಡೆ ಗೆಲ್ಲಲಿಲ್ಲ. ಹಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಪಾಲಾದವು. ಆದರೂ ಸರ್ಕಾರ ಅಧಿಕಾರ ಹಸ್ತಾಂತರ ಮಾಡಿತು. ವಿರೋಧ ಪಕ್ಷದ ಕೈಗೆ ಹೋದ ಜಿಲ್ಲೆಗೂ ಇಲಾಖೆ, ಹಣ, ಗೂಟದ ಕಾರು ಎಲ್ಲ ಸಿಕ್ಕಿತು. ಸುಧಾರಣೆ ಮಾಡಿದವನು ತಾನೇ ಅದರಿಂದ ಸ್ವಲ್ಪ ಕಳೆದುಕೊಳ್ಳಲು ಸಿದ್ಧನಿದ್ದಾನೆ ಎಂದು ಕಂಡಾಗ ಜನಕ್ಕೆ "ಇದು ನಾಟಕ ಅಲ್ಲ" ಅನ್ನಿಸುತ್ತದೆ. ನಂಬಿಕೆಗೆ ಇದಕ್ಕಿಂತ ದೊಡ್ಡ ಬಂಡವಾಳ ಯಾವುದು?

ಮೇಷ್ಟ್ರು ಶಾಲೆಗೆ ಬಂದರು

ಫಲ ಏನಾಯಿತು? 1989ರಲ್ಲಿ ಕೆ.ಎಸ್. ಕೃಷ್ಣಸ್ವಾಮಿಯವರ (ಹಿಂದೆ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದವರು) ಅಧ್ಯಕ್ಷತೆಯ ಸಮಿತಿ ಈ ವ್ಯವಸ್ಥೆಯನ್ನು ಪರಿಶೀಲಿಸಿತು. ಕಂಡ ಮುಖ್ಯ ಬದಲಾವಣೆ ನೋಡಲು ತೀರಾ ಸಣ್ಣದು: ಮೇಷ್ಟ್ರುಗಳು ಶಾಲೆಗೆ ಬರುವುದು ಹೆಚ್ಚಾಗಿತ್ತು, ವೈದ್ಯರು ಆಸ್ಪತ್ರೆಯಲ್ಲಿ ಸಿಗುವುದು ಹೆಚ್ಚಾಗಿತ್ತು.

ಸಣ್ಣದೇ? ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು ಇದು ಎಷ್ಟು ದೊಡ್ಡದೆಂದು. ಪೇಟೆಯಲ್ಲಿ ಮನೆ ಮಾಡಿಕೊಂಡು ವಾರಕ್ಕೆರಡು ದಿನ ಬಂದು ಹಾಜರಿ ಹಾಕಿ ಹೋಗುವ ಮೇಷ್ಟ್ರ ಮೇಲೆ ದೂರು ಕೊಡಲು ಮೊದಲು ಯಾರ ಹತ್ತಿರ ಹೋಗಬೇಕಿತ್ತು? ತಾಲ್ಲೂಕು ಕೇಂದ್ರದ ಎಇಓ ಕಚೇರಿಗೆ. ಅಲ್ಲಿ ಹೋದರೆ "ನಾಳೆ ಬಾ". ಈಗ ಜಿಲ್ಲಾ ಪರಿಷತ್ ಸದಸ್ಯ ಪಕ್ಕದೂರಿನವನು, ಮಂಡಲ ಪ್ರಧಾನ ಸಂತೆಯಲ್ಲಿ ಸಿಗುವವನು. ಅವನ ಮಕ್ಕಳೋ ಅಣ್ಣನ ಮಕ್ಕಳೋ ಅದೇ ಶಾಲೆಯಲ್ಲಿ. ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು "ಏನ್ ಪ್ರಧಾನ್ರೇ, ನಿಮ್ ಮೇಷ್ಟ್ರು ಬುಧವಾರದಿಂದ ಪತ್ತೆ ಇಲ್ವಲ್ಲ" ಎಂದರೆ ಅವನು ಮುಖ ಎತ್ತಿ ಓಡಾಡುವುದು ಹೇಗೆ? ಈ ಮರ್ಯಾದೆಯ ಭಯ ಯಾವ ಸುತ್ತೋಲೆಯಿಂದಲೂ ಬರುವುದಿಲ್ಲ.

ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮೇನರ್ ಎಂಬ ಇಬ್ಬರು ವಿದ್ವಾಂಸರು ಕರ್ನಾಟಕ, ಬಾಂಗ್ಲಾದೇಶ, ಘಾನಾ ಮತ್ತು ಐವರಿ ಕೋಸ್ಟ್ ಈ ನಾಲ್ಕು ಕಡೆಯ ವಿಕೇಂದ್ರೀಕರಣವನ್ನು ಹೋಲಿಸಿ 1998ರಲ್ಲಿ ಪುಸ್ತಕ ತಂದರು. ನಾಲ್ಕರಲ್ಲಿ ಉತ್ತಮ ಫಲ ಕೊಟ್ಟದ್ದು ಕರ್ನಾಟಕದ್ದೇ ಎಂದರು. ಅವರ ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ್ದು ಭ್ರಷ್ಟಾಚಾರದ ಬಗ್ಗೆ ಅವರು ಕಂಡುಕೊಂಡ ಸಂಗತಿ. ಮಂಡಲ ಪಂಚಾಯ್ತಿ ಬಂದ ಮೇಲೆ ಲಂಚ ಹೆಚ್ಚಾಯಿತೆಂದು ಬಹಳ ಜನ ನಂಬಿದ್ದರು. ಆದರೆ ಲೆಕ್ಕ ಹಾಕಿದರೆ ಸೋರಿಹೋಗುತ್ತಿದ್ದ ಒಟ್ಟು ಮೊತ್ತ ಮೊದಲಿಗಿಂತ ಕಡಿಮೆಯೇ ಆಗಿತ್ತು!

ಇದು ಹೇಗೆ ಸಾಧ್ಯ? ಮೊದಲು ಬೆಂಗಳೂರಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಮೂರು ನಾಲ್ಕು ಜನ ಸೇರಿ ದೊಡ್ಡ ಗಂಟನ್ನೇ ಎತ್ತುತ್ತಿದ್ದರು. ಹಳ್ಳಿಯವನಿಗೆ ಹಣ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಈಗ ಮಂಡಲಕ್ಕೆ ಎಷ್ಟು ಬಂತೆಂದು ಊರಿಗೆಲ್ಲ ಗೊತ್ತು. ಚರಂಡಿಗೆ ಎಷ್ಟು ಸಿಮೆಂಟ್ ಬಿತ್ತೆಂದು ಕೂಲಿ ಕೆಲಸ ಮಾಡಿದವನೇ ಹೇಳುತ್ತಾನೆ. ಕದಿಯುವ ಕೈಗಳು ಹೆಚ್ಚಾದವು, ಕದಿಯಲು ಸಿಗುವ ಮೊತ್ತ ಕಡಿಮೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಕಳ್ಳತನ ಕಣ್ಣಿಗೆ ಬೀಳತೊಡಗಿತು.

ಅಂದರೆ ಸುಧಾರಣೆ ಕೆಲಸ ಮಾಡುತ್ತಿದ್ದರೂ ನಂಬಿಕೆ ಕಡಿಮೆಯಾದಂತೆ ಕಾಣಬಹುದು. ಮಾಹಿತಿ ಹಕ್ಕು ಕಾಯ್ದೆಯ (2005) ನಂತರ ಇಡೀ ದೇಶದಲ್ಲಿ ಆದದ್ದೂ ಸ್ವಲ್ಪ ಹೀಗೆಯೇ. ದೀಪ ಹಚ್ಚಿದಾಗಲೇ ಮನೆಯ ಜೇಡರ ಬಲೆ ಕಾಣುವುದು. ದೀಪದಿಂದ ಬಲೆ ಬಂತು ಎಂದು ದೀಪ ಆರಿಸಿದರೆ ಹೇಗೆ? ಆದರೆ 1990ರ ದಶಕದ ಆರಂಭದಲ್ಲಿ ಮಂಡಲ ಪಂಚಾಯ್ತಿಗಳ ವಿರುದ್ಧ ಮಾತಾಡಿದವರೆಲ್ಲ ಬಳಸಿದ್ದು ಇದೇ ವಾದವನ್ನು.

ಎಲ್ಲರಿಗೂ ಸಿಕ್ಕಿತೇ?

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಕ್ರುಕ್ ಮತ್ತು ಮೇನರ್ ಬರೆದಂತೆ, ತೀರಾ ಬಡವರಿಗೂ ದಲಿತರಿಗೂ ಈ ವ್ಯವಸ್ಥೆಯಿಂದ ಆದ ಲಾಭ ಕಡಿಮೆ. ಜಮೀನಿದ್ದ ಪ್ರಬಲ ಜಾತಿಗಳ ಹಿಡಿತ ಮಂಡಲಗಳ ಮೇಲೂ ಇತ್ತು. ಗ್ರಾಮಸಭೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಪ್ರಧಾನರು ಸಭೆ ಕರೆಯುವುದನ್ನೇ ಬಿಟ್ಟರು. ನ್ಯಾಯ ಪಂಚಾಯ್ತಿಗಳು ಕಾಗದದ ಮೇಲೇ ಉಳಿದವು. ಮಹಿಳಾ ಸದಸ್ಯೆಯರ ಜಾಗದಲ್ಲಿ ಗಂಡಂದಿರು ಬಂದು ಕೂರುವ ಪದ್ಧತಿಯೂ ಆಗಲೇ ಶುರುವಾಯಿತು.

ಆದರೂ ಇಲ್ಲಿ ಕಾಲದ ಲೆಕ್ಕ ಬೇಕು. ಮೊದಲ ಅವಧಿಯಲ್ಲಿ ಹೆಬ್ಬೆಟ್ಟು ಒತ್ತಿ ಸುಮ್ಮನೆ ಕೂತ ಹೆಣ್ಣುಮಗಳು, ಎರಡನೆಯ ಅವಧಿಗೆ ಬಂದಾಗ ನೀರಿನ ಟ್ಯಾಂಕಿನ ವಿಷಯದಲ್ಲಾದರೂ ಬಾಯಿ ಬಿಡುತ್ತಾಳೆ. ಮೂರನೆಯ ಅವಧಿಗೆ ಗಂಡನನ್ನು ಮನೆಯಲ್ಲಿ ಬಿಟ್ಟು ಬರುತ್ತಾಳೆ. ಮಿಲ್ಲರ್ ಸಮಿತಿಯ ಪಾಠವೇ ಇದು: ತನ್ನಂಥವರು ಒಳಗೆ ಬಂದು ಕೂತು, ಕೂತಲ್ಲಿಯೇ ಉಳಿದು, ಆಡಳಿತ ಕಲಿಯಲು ಸಮಯ ಬೇಕು. ಮೊದಲ ಅವಧಿಯೇ ಕೊನೆಯ ಅವಧಿಯಾದರೆ ಕಲಿಯುವುದು ಯಾವಾಗ?

ದುರದೃಷ್ಟಕ್ಕೆ ಆದದ್ದು ಅದೇ.

ಕಚೇರಿ ಇದೆ, ಪ್ರಧಾನರಿಲ್ಲ

1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. ಅದೇ ವರ್ಷ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು. 1989ರಲ್ಲಿ ರಾಷ್ಟ್ರಪತಿ ಆಳ್ವಿಕೆ, ವರ್ಷದ ಕೊನೆಗೆ ಚುನಾವಣೆ, ಕಾಂಗ್ರೆಸ್ ಸರ್ಕಾರ. ಜಿಲ್ಲಾ ಪರಿಷತ್ ಅಧ್ಯಕ್ಷರ ಮೆರವಣಿಗೆ ನೋಡಿ ನೋಡಿ ಶಾಸಕರಿಗೆ ಹೊಟ್ಟೆಕಿಚ್ಚು ಬಂದಿದ್ದು ಸುಳ್ಳಲ್ಲ. ಇದರಲ್ಲಿ ಪಕ್ಷಭೇದ ಇರಲಿಲ್ಲ. ವರ್ಗಾವಣೆ, ಗುತ್ತಿಗೆ, ಬೋರ್‌ವೆಲ್ ಎಲ್ಲವೂ ಪರಿಷತ್ತಿನ ಕೈಗೆ ಹೋದರೆ ಶಾಸಕರ ಮನೆ ಮುಂದೆ ಬೆಳಿಗ್ಗೆ ಸಾಲು ನಿಲ್ಲುವವರು ಯಾರು?

1992ರಲ್ಲಿ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಕಟ್ಟಡ ಅಲ್ಲೇ ಇತ್ತು, ಬೋರ್ಡು ಅಲ್ಲೇ ಇತ್ತು, ಕುರ್ಚಿಯಲ್ಲಿ ಮಾತ್ರ ಸರ್ಕಾರಿ ಅಧಿಕಾರಿ. ದೂರು ಹೇಳಲು ಹೋದವನಿಗೆ ಮತ್ತೆ "ನಾಳೆ ಬಾ".

ಯಾವತ್ತೂ ಇಲ್ಲದಿದ್ದರೆ ಒಂದು ಥರ, ಕೊಟ್ಟು ಕಿತ್ತುಕೊಂಡರೆ ಇನ್ನೊಂದು ಥರ. 1978ರ ಹಳ್ಳಿಯವನಿಗೆ ಪಂಚಾಯ್ತಿಯಿಂದ ನಿರೀಕ್ಷೆಯೇ ಇರಲಿಲ್ಲ, ಹಾಗಾಗಿ ನಿರಾಸೆಯೂ ಇರಲಿಲ್ಲ. 1992ರ ಹಳ್ಳಿಯವನು ರುಚಿ ನೋಡಿದ್ದ. "ಬಂತು, ಹೋಯ್ತು, ಎಲ್ಲಾ ಅವರಿಷ್ಟ" ಅನ್ನುವ ಮಾತು ಇಲ್ಲಿಂದ ಗಟ್ಟಿಯಾಯಿತು ಅನ್ನುವುದು ನನ್ನ ಅನಿಸಿಕೆ. ಅವನ ನಂಬಿಕೆ ಹೋದದ್ದು ಪ್ರಧಾನ ಚರಂಡಿಯ ಸಿಮೆಂಟು ಮಾರಿಕೊಂಡಿದ್ದಕ್ಕಲ್ಲ. ಆ ಪ್ರಧಾನನನ್ನು ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸೋಣ ಎಂದು ಕಾಯುತ್ತಿದ್ದಾಗ ಆ ಚುನಾವಣೆಯೇ ಬರಲಿಲ್ಲವಲ್ಲ, ಅದಕ್ಕೆ.

ಸಂವಿಧಾನ ಬಂದರೂ

ಅಷ್ಟರಲ್ಲಿ ದೆಹಲಿಯಲ್ಲಿ ಗಾಳಿ ಬದಲಾಗಿತ್ತು. ಕರ್ನಾಟಕ ಮತ್ತು ಬಂಗಾಳದ ಅನುಭವ ದೇಶದ ಕಣ್ಣ ಮುಂದಿತ್ತು. ರಾಜೀವ್ ಗಾಂಧಿಯವರ ಸರ್ಕಾರ ತಂದ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಗಿತ್ತು. ನರಸಿಂಹ ರಾವ್ ಸರ್ಕಾರದ 73ನೇ ತಿದ್ದುಪಡಿ 1992ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ, ಮಹಿಳೆಯರಿಗೆ ಮೂರನೇ ಒಂದು ಭಾಗ, ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಚುನಾವಣಾ ಆಯೋಗ. "ಮನಸ್ಸು ಬಂದಾಗ ಚುನಾವಣೆ" ಅನ್ನುವ ಕಾಯಿಲೆಗೆ ಇದೇ ಮದ್ದು ಎಂದು ಎಲ್ಲರೂ ಅಂದುಕೊಂಡರು.

ಕರ್ನಾಟಕ ಮುಂದಿನ ತಿಂಗಳೇ, 1993ರ ಮೇ 10ರಂದು, ಹೊಸ ಪಂಚಾಯತ್ ರಾಜ್ ಕಾಯ್ದೆಯನ್ನು ಜಾರಿಗೆ ತಂದಿತು. ವೇಗ ಮೆಚ್ಚುವಂಥದ್ದೇ. ಆದರೆ ಒಳಗೆ ನೋಡಿದರೆ 1983ರ ಕಾಯ್ದೆಯ ಜೀವ ಸ್ವಲ್ಪ ಕಡಿಮೆಯಾಗಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರೇ ಆಡಳಿತದ ಮುಖ್ಯಸ್ಥರಾಗಿದ್ದದ್ದು ಹೋಗಿ, ಹೊಸ ಜಿಲ್ಲಾ ಪಂಚಾಯತಿನಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ತೂಕ ಹೆಚ್ಚಾಯಿತು. ಅಧ್ಯಕ್ಷರ ಅವಧಿ ಬಹುಕಾಲ ಬರೀ 20 ತಿಂಗಳು. ಇಲಾಖೆಗಳ ಹೆಸರು ಕಲಿಯುವಷ್ಟರಲ್ಲಿ ಇಳಿಯುವ ಹೊತ್ತು!

ಆದರೂ ಗ್ರಾಮ ಪಂಚಾಯ್ತಿ ಉಳಿಯಿತು, ಬೆಳೆಯಿತು. 1993ರ ಡಿಸೆಂಬರಿನಲ್ಲಿ ಮೊದಲ ಚುನಾವಣೆ. 2010ರಿಂದ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ. ಉದ್ಯೋಗ ಖಾತರಿ ಯೋಜನೆಯ ಹಣ ಬಂದ ಮೇಲೆ ಪಂಚಾಯ್ತಿ ಕಚೇರಿಗೆ ಕೆಲಸವೂ ಬಂತು, ಜಗಳವೂ ಬಂತು. ನಮ್ಮ ಕಡೆ ವಯಸ್ಸಾದವರು ಈಗಲೂ ಅದನ್ನು "ಮಂಡ್ಲ ಪಂಚಾಯ್ತಿ" ಎಂದೇ ಕರೆಯುತ್ತಾರೆ. ಬರೀ ಐದು ವರ್ಷ ಇದ್ದ ಸಂಸ್ಥೆಯ ಹೆಸರು ಇಷ್ಟು ದಶಕ ನಾಲಿಗೆಯ ಮೇಲೆ ಉಳಿಯುವುದೆಂದರೆ ಸುಮ್ಮನೆಯೇ?

ಮೇಲಿನ ಎರಡು ಮೆಟ್ಟಿಲುಗಳ ಕಥೆ ಬೇರೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. ಆಮೇಲೆ ಕ್ಷೇತ್ರಗಳ ಪಟ್ಟಿ, ಮೀಸಲಾತಿ, ಆಕ್ಷೇಪಣೆ, ಹೈಕೋರ್ಟು... ವರ್ಷಗಳು ಉರುಳಿದವು. 2023ರಲ್ಲಿ ಆಳುವ ಪಕ್ಷ ಬದಲಾಯಿತು, ಮುಂದೂಡಿಕೆ ಬದಲಾಗಲಿಲ್ಲ. ಬೆಂಗಳೂರಿನ ಪಾಲಿಕೆಯದೂ ಇದೇ ಪಾಡು. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ಅಲ್ಲಿಯೂ ಆಡಳಿತಾಧಿಕಾರಿಗಳು. ಐದು ವರ್ಷ ಮುಗಿಯುವ ಮುನ್ನ ಚುನಾವಣೆ ನಡೆಯಲೇಬೇಕೆಂದು ಸಂವಿಧಾನ ಹೇಳುತ್ತದೆ, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿದೆ. ಆದರೂ ಹೀಗೆ. 1992ರಲ್ಲಿ ಕಾನೂನಿನ ರಕ್ಷಣೆ ಇರಲಿಲ್ಲ ಎನ್ನಬಹುದಿತ್ತು. ಈಗ ಏನೆನ್ನುವುದು? ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಕೊನೆಗೆ ನಾಲ್ಕು ಮಾತು

ಈ ನೂರಾ ನಲವತ್ತು ವರ್ಷಗಳ ಕಥೆಯಿಂದ ನನಗೆ ತೋಚಿದ್ದನ್ನು ಹೇಳಿ ಮುಗಿಸುತ್ತೇನೆ.

ಸುಧಾರಣೆ ಮಾಡಿದ ಕೂಡಲೇ ನಂಬಿಕೆ ಬರುವುದಿಲ್ಲ. ಕೇಳಿಸಿಕೊಳ್ಳುವುದಷ್ಟೇ ಸುಧಾರಣೆಯಾದರೆ (1881) ಮೊದಲು ಸಂತೋಷ, ಆಮೇಲೆ ಸಿಟ್ಟು. ಅಧಿಕಾರ, ಹಣ, ನೌಕರ ಮೂರನ್ನೂ ಕೊಟ್ಟರೆ (1987) ಕೆಲಸ ಆಗುತ್ತದೆ. ಆದರೆ ಕಳ್ಳತನವೂ ಕಣ್ಣಿಗೆ ಬಿದ್ದು ಗೊಣಗಾಟ ಹೆಚ್ಚಾಗುತ್ತದೆ. ಆ ಗೊಣಗಾಟಕ್ಕೆ ಹೆದರಬೇಕಿಲ್ಲ, ಅದು ಸಂಸ್ಥೆ ಜೀವಂತ ಇರುವ ಲಕ್ಷಣ. ಹೆದರಬೇಕಾದದ್ದು ಮೌನಕ್ಕೆ. ನಿಮ್ಮ ಜಿಲ್ಲಾ ಪಂಚಾಯತ್ ಸದಸ್ಯರು ಯಾರಾಗಿದ್ದರು ಎಂದು ಇಪ್ಪತ್ತರ ಹುಡುಗನೊಬ್ಬನನ್ನು ಕೇಳಿ ನೋಡಿ. "ಹಂಗಂದ್ರೇನು ಸಾರ್?" ಅಂದರೆ ಆಶ್ಚರ್ಯಪಡಬೇಡಿ. ಅವನು ಮೊದಲ ಓಟು ಹಾಕುವ ವಯಸ್ಸಿಗೆ ಬಂದಾಗ ಆ ಚುನಾವಣೆಯೇ ಇರಲಿಲ್ಲ. ಅವನಿಗೆ ಸಿಟ್ಟಿಲ್ಲ, ಗೊಣಗಾಟವಿಲ್ಲ. ನನಗೆ ಭಯ ಆಗುವುದು ಅದಕ್ಕೇ.

ಒಂದು ಸಂಸ್ಥೆ ಕೆಟ್ಟದಾಗಿ ನಡೆದರೂ ಜನ ಸಹಿಸುತ್ತಾರೆ, ಮುಂದಿನ ಸಲ ಸರಿಮಾಡೋಣ ಅನ್ನುತ್ತಾರೆ. ಆ "ಮುಂದಿನ ಸಲ" ಹೇಳಿದ ಹೊತ್ತಿಗೆ ಬರುತ್ತದೆ ಅನ್ನುವ ಭರವಸೆಯೇ ನಂಬಿಕೆಯ ಬೇರು. ನಜೀರ್ ಸಾಬ್ ಹೆಸರಿನಲ್ಲಿ ಮೈಸೂರಿನಲ್ಲಿ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಅಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುತ್ತಾರೆ. ಒಳ್ಳೆಯದೇ. ಆದರೆ ಅವರಿಗೆ ಮಾಡಬಹುದಾದ ನಿಜವಾದ ಗೌರವ ಇಷ್ಟೇ: ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ಮಾಡುವುದು.

ನಿಮ್ಮೂರಿನ ಮೊದಲ ಮಂಡಲ ಪ್ರಧಾನರು ಯಾರಾಗಿದ್ದರು, ಅವರ ಕಾಲದಲ್ಲಿ ಏನಾಯಿತು? ಮನೆಯ ಹಿರಿಯರನ್ನು ಕೇಳಿದರೆ ಖಂಡಿತ ಒಂದು ಕಥೆ ಸಿಗುತ್ತದೆ. ಹೊಗಳಿಕೆಯೋ ಬೈಗುಳವೋ, ಎರಡೂ ಬೇಕು. ಕೇಳಿ ಬರೆಯಿರಿ, ಓದಲು ಕಾದಿರುತ್ತೇನೆ.